ಮಟ್ಟಿ ಅಗೆದವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ

ಮೈಸೂರು: ಬೆಳಿಗ್ಗೆ ಐದೂವರೆ ಗಂಟೆ. ಹಳೇ ಕೇರಿಯೊಂದರ ಗರಡಿ ಮನೆಗೆ ಹುಡುಗರು ಎಂದಿನಂತೆ ಒಬ್ಬೊಬ್ಬರಾಗಿ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು. ಗರಡಿಯ ಬಾಗಿಲು ಗಿಡ್ಡ. ಎಂಥ ಎತ್ತರದ ಪೈಲ್ವಾನನಾದರೂ ಬಗ್ಗಿಯೇ ಹೋಗಬೇಕು.

ಒಳಗೆ ದೀಪ ಹಚ್ಚಿರಲಿಲ್ಲ. ಆಂಜನೇಯನ ಪಟಕ್ಕೆ ಹೂವಿರಲಿಲ್ಲ. ಮಟ್ಟಿಯ ಮಣ್ಣು ಹಿಂದಿನ ದಿನ ಸಾಯಂಕಾಲ ಹುಡುಗರು ತುಳಿದು ಹೋದಂತೆಯೇ ಬಿದ್ದಿತ್ತು. ಮೂಲೆಯಲ್ಲಿ ಗುದ್ದಲಿ ಗೋಡೆಗೆ ಒರಗಿಕೊಂಡು ನಿಂತಿತ್ತು.

"ಮಾವ ಬಂದಿಲ್ವಾ?" ಎಂದು ಒಬ್ಬ ಕೇಳಿದ. ಯಾರೂ ಉತ್ತರ ಹೇಳಲಿಲ್ಲ. ಅಲ್ಲಿದ್ದ ಯಾವ ಹುಡುಗನೂ ಅಗೆಯದ ಮಟ್ಟಿಯನ್ನು ಅದುವರೆಗೆ ಕಂಡಿರಲೇ ಇಲ್ಲ. ಒಬ್ಬ ಹುಡುಗ ಲಂಗೋಟಿಯ ಮೇಲೆ ಪಂಚೆ ಸುತ್ತಿಕೊಂಡು ಎರಡು ಬೀದಿ ಆಚೆಯ ಮನೆಗೆ ಓಡಿದ. ಮನೆಯ ಮುಂದೆ ಆಗಲೇ ಹತ್ತಾರು ಜನ ಸೇರಿದ್ದರು. ರಾತ್ರಿ ಎರಡು ಗಂಟೆಗೆ ಎದೆನೋವು ಎಂದವರು ಆಸ್ಪತ್ರೆಗೆ ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ವಯಸ್ಸು 68.

ಅಂದು ಗರಡಿಯಲ್ಲಿ ಸಾಮು ನಡೆಯಲಿಲ್ಲ.

ಯಾರೀತ?

ಕುಸ್ತಿ ನೋಡುವ ಚಟ ಇರುವವರನ್ನು ಕೇಳಿದರೆ ಈತನ ಹೆಸರು ಯಾರಿಗೂ ಗೊತ್ತಿಲ್ಲ. ದಸರಾ ಕುಸ್ತಿಯ ಕರಪತ್ರದಲ್ಲಿ ಇವರ ಫೋಟೋ ಬರಲಿಲ್ಲ. ಗದೆ ಹೊತ್ತು ಮೆರವಣಿಗೆಯಲ್ಲಿ ಬರಲಿಲ್ಲ. ಆದರೆ ಪೇಟೆಯಲ್ಲಿ ಇವರನ್ನು ನೋಡದವರು ಕಡಿಮೆ. ದೇವರಾಜ ಮಾರುಕಟ್ಟೆಯ ಹೊರಗೆ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ, ಎಡಗಾಲು ಎಳೆದು ನಡೆಯುತ್ತಿದ್ದ, ಕತ್ತು ಮಾತ್ರ ಎಮ್ಮೆ ಕಟ್ಟುವ ಗೂಟದಷ್ಟು ದಪ್ಪವಿದ್ದ ಮನುಷ್ಯ ಎಂದರೆ ಬಸ್ಸಿಗೆ ಓಡುವ ಅನೇಕರಿಗೆ ನೆನಪಾದೀತು. ಡಜನ್ ಕೊಂಡರೆ ಒಂದು ಹಣ್ಣು ಕೊಸರು ಕೊಡುತ್ತಿದ್ದವರು ಇವರೇ.

ಹೆಸರನ್ನು ಇಲ್ಲಿ ಹಾಕಿಲ್ಲ. ಅದು ಅವರ ಹೆಂಡತಿಯ ಕೋರಿಕೆ. "ಇರೋವಾಗ ಅವರು ಬಾಯಿ ಬಿಡಲಿಲ್ಲ. ಹೋದ ಮೇಲೆ ಹೆಸರು ಹಾಕ್ಸಿ ನಾನ್ಯಾಕೆ ಅವರ ಮಾತು ಮುರೀಲಿ? ವಿಷಯ ಬೇಕಾದ್ರೆ ಬರೀರಿ" ಎಂದರು ಆಕೆ. ಕಾರಣವೇನೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಊರಿಗೂ ಕುಸ್ತಿಗೂ ನಂಟು

ಮೈಸೂರಿಗೆ ಕುಸ್ತಿ ಹೊಸದಲ್ಲ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿ. ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಸೊಕ್ಕಿನ ಮಲ್ಲನೊಬ್ಬನನ್ನು ಕೆಡವಿ ಬಂದರೆಂಬ ಕಥೆಯನ್ನು ಇಲ್ಲಿಯ ಅಜ್ಜಿಯರು ಇಂದಿಗೂ ಹೇಳುತ್ತಾರೆ. 1960ರಲ್ಲಿ ಡಾ. ರಾಜಕುಮಾರ್ ಅದೇ ಅರಸನ ಪಾತ್ರ ಮಾಡಿದ ಮೇಲಂತೂ ಗಲ್ಲಿಗಲ್ಲಿಯ ಹುಡುಗರೂ ಕನ್ನಡಿಯ ಮುಂದೆ ತೊಡೆ ತಟ್ಟಿದ್ದುಂಟು.

ಅದಕ್ಕೂ ಹಿಂದೆ ಹೋದರೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಟಕ್ಕೇ ಒಂದು ಭಾಗವಿದೆ. ವಿಜಯನಗರದ ಮಹಾನವಮಿಯಲ್ಲಿ ಮಲ್ಲರು ಸೆಣಸುತ್ತಿದ್ದುದನ್ನು ಪೋರ್ಚುಗೀಸರ ಪೇಸ್ ಎಂಬಾತ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಇಂದಿಗೂ ವಿಜಯದಶಮಿಯ ದಿನ ಅರಮನೆಯ ಒಳಗೆ ಜಟ್ಟಿಗಳು ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಹಿಡಿದು ಎದುರಾಗುತ್ತಾರೆ. ನೆತ್ತಿಯಿಂದ ಒಂದು ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು.

ಇದೆಲ್ಲಾ ಅರಮನೆಯ ಮಾತಾಯಿತು. ಕೇರಿಯ ಮಾತೇ ಬೇರೆ. ಹಳೇ ಮೈಸೂರಿನ ಮೊಹಲ್ಲಾಗಳಲ್ಲಿ ಕೇರಿಗೊಂದು ಗರಡಿ ಇತ್ತು. ಹಮಾಲಿಗಳು, ಹಾಲು ಕರೆಯುವವರು, ಜಟಕಾ ಹೊಡೆಯುವವರು, ಮಾಂಸದಂಗಡಿಯವರು, ಗಾರೆ ಕೆಲಸದವರು ಇವರ ಮಕ್ಕಳೇ ಪೈಲ್ವಾನರು. ಬೆಳಿಗ್ಗೆ ಸಾಮು, ಹಗಲೆಲ್ಲಾ ಕೂಲಿ, ಸಾಯಂಕಾಲ ಮತ್ತೆ ಮಟ್ಟಿ. ಬಾದಾಮಿ ಕೊಳ್ಳುವ ಶಕ್ತಿ ಇಲ್ಲದವನು ಕಡಲೆ ನೆನೆಹಾಕಿ ತಿನ್ನುತ್ತಿದ್ದ. ಜಾತಿ ಮತ ಯಾವುದಾದರೇನು, ಮಟ್ಟಿಗೆ ಇಳಿದ ಮೇಲೆ ಎಲ್ಲರ ಮೈಗೂ ಒಂದೇ ಕೆಂಪು.

1970ರ ದಶಕದ ಆರಂಭದಲ್ಲಿ ಈ ಗರಡಿಗೆ ಹೀಗೆಯೇ ಇಬ್ಬರು ಹುಡುಗರು ಸೇರಿದರು. ಒಬ್ಬನಿಗೆ ಹದಿನಾಲ್ಕು, ಇನ್ನೊಬ್ಬನಿಗೆ ಹದಿಮೂರು. ತೂಕ ಸಮ, ಎತ್ತರ ಸಮ. ಉಸ್ತಾದರು ಇಬ್ಬರನ್ನೂ ಜೋಡಿ ಕಟ್ಟಿದರು. ದೊಡ್ಡವನೇ ಈಗ ತೀರಿಕೊಂಡವರು. ಚಿಕ್ಕವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾಗಿ, ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ.

ಗರಡಿಯಲ್ಲಿ ಜೋಡಿ ಎಂದರೆ ಬರೀ ಗೆಳೆಯರಲ್ಲ. ದಿನಾ ನಿನ್ನ ಕತ್ತು ಹಿಡಿಯುವ ಕೈ ಅದು. ನಿನ್ನ ಉಸಿರು ಎಲ್ಲಿ ಕಟ್ಟುತ್ತದೆ, ಯಾವ ಕಾಲಿನ ಮೇಲೆ ಭಾರ ಬಿಡುತ್ತೀಯೆ, ಯಾವಾಗ ಹೆದರುತ್ತೀಯೆ ಎಂಬುದು ಹೆತ್ತವರಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಎಂಟು ವರ್ಷ ಈ ಇಬ್ಬರೂ ಒಬ್ಬರನ್ನೊಬ್ಬರು ಕೆಡವಿದರು, ಎತ್ತಿದರು, ಎಣ್ಣೆ ತಿಕ್ಕಿದರು.

ಮಟ್ಟಿಯ ಮರ್ಮ

ಕುಸ್ತಿ ನೋಡಲು ಹೋಗುವವರಿಗೆ ಪಟ್ಟು ಕಾಣುತ್ತದೆ, ಮಣ್ಣು ಕಾಣುವುದಿಲ್ಲ. ಗರಡಿಯ ಜೀವ ಇರುವುದು ಮಾತ್ರ ಮಣ್ಣಿನಲ್ಲೇ.

ಕಲ್ಲು, ಗಾಜು, ಬೇರು ಒಂದೂ ಇಲ್ಲದಂತೆ ಜರಡಿ ಹಿಡಿದ ಕೆಮ್ಮಣ್ಣು ತಂದು ಸುರಿಯುತ್ತಾರೆ. ಅದಕ್ಕೆ ಅರಿಶಿನ, ಕರ್ಪೂರ, ನಿಂಬೆಹಣ್ಣಿನ ರಸ, ಮಜ್ಜಿಗೆ, ಎಳ್ಳೆಣ್ಣೆ ಬೆರೆಸುತ್ತಾರೆ. ಒಂದೊಂದು ಗರಡಿಯದು ಒಂದೊಂದು ಹದ. ತರಚಿದ ಗಾಯ ಕೀವಾಗಬಾರದು, ಮೈ ಬೆವರಿದರೂ ಹಿಡಿತ ಜಾರಬಾರದು, ಬಿದ್ದವನ ಮೂಳೆಗೆ ಪೆಟ್ಟಾಗಬಾರದು ಎಂಬುದು ಇದರ ಲೆಕ್ಕ.

ಆದರೆ ಈ ಮಣ್ಣಿಗೆ ಒಂದು ಗುಣವಿದೆ. ದಿನಾ ಅಗೆಯದಿದ್ದರೆ ಗಟ್ಟಿಯಾಗುತ್ತದೆ. ಇಪ್ಪತ್ತು ಮೂವತ್ತು ಜನ ತುಳಿದು ಬೆವರು ಸುರಿಸಿದ ಮಣ್ಣು ಎರಡು ದಿನ ಹಾಗೇ ಬಿಟ್ಟರೆ ಇಟ್ಟಿಗೆ. ಮೇಲೆ ಕೆದಕಿದರೆ ಸಾಲದು, ಮೊಣಕೈ ಆಳಕ್ಕೆ ಗುದ್ದಲಿ ಇಳಿಯಬೇಕು. ಅಗೆದ ಮೇಲೆ ಕೈಯಿಂದ ಹೆಂಟೆ ಒಡೆಯಬೇಕು. ಮತ್ತೆ ಹಲಗೆ ಎಳೆದು ಸಮ ಮಾಡಬೇಕು. ಪೂರಾ ಒಂದು ಗಂಟೆಯ ಕೆಲಸ. ಅದೇ ಒಂದು ಸಾಮು ಎಂದು ಹಳಬರು ಹೇಳುತ್ತಾರೆ. ಆದರೆ ಅಗೆಯುವ ಕೆಲಸಕ್ಕೆ ಚಪ್ಪಾಳೆ ಯಾರು ತಟ್ಟುತ್ತಾರೆ?

ಅಂದಿನ ಉಸ್ತಾದರ ಕಾನೂನು ಖಡಕ್ಕು. ವಾರಕ್ಕೊಂದು ಜೋಡಿಗೆ ಮಟ್ಟಿಯ ಪಾಳಿ. ಯಾವ ದಿನ ಯಾರು ಅಗೆಯಬೇಕು ಎಂಬುದು ಆ ಇಬ್ಬರ ಒಳಗಿನ ಲೆಕ್ಕ. ಪಾಳಿ ತಪ್ಪಿಸಿದವನಿಗೆ ಒಂದು ತಿಂಗಳು ಗರಡಿಯ ಬಾಗಿಲು ಬಂದ್. ಅವನ ಅಪ್ಪ ಬಂದು ಕೈಮುಗಿದರೂ ಬಿಡುತ್ತಿರಲಿಲ್ಲ.

ಆ ಬೆಳಿಗ್ಗೆ

1970ರ ದಶಕದ ಕೊನೆಯ ಒಂದು ವರ್ಷ. ದಸರಾಕ್ಕೆ ಮೂರು ವಾರವೂ ಇರಲಿಲ್ಲ. ಜೋಡಿ ಕಟ್ಟುವ ಕಾರ್ಯ ಆಗಿ, ಈ ಗರಡಿಯಿಂದ ಇಬ್ಬರಿಗೂ ಕುಸ್ತಿ ಸಿಕ್ಕಿತ್ತು. ಇಬ್ಬರಿಗೂ ಅದೇ ಮೊದಲ ದಸರಾ. ದೊಡ್ಡವರಿಗೆ ಆಗ 22 ವರ್ಷ. ಸಂತೆಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಒಂದು ಕ್ವಿಂಟಾಲ್ ಅಕ್ಕಿ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಲು ಹತ್ತುತ್ತಿದ್ದ ಆಸಾಮಿ.

ಆ ವಾರ ಇವರದೇ ಪಾಳಿ. ಅದರಲ್ಲಿ ಆ ಎರಡು ದಿನ ಚಿಕ್ಕವರ ಸರದಿ. ಮೊದಲ ದಿನ ತಡವಾಗಿ ಬಂದು ಮೇಲ್ಮೇಲೆ ಕೆದಕಿ ಹಲಗೆ ಎಳೆದುಬಿಟ್ಟರು. ನೋಡುವವರಿಗೆ ಅಗೆದಂತೆಯೇ ಕಾಣುತ್ತಿತ್ತು. ಅಂದು ರಾತ್ರಿ ರಾಜಕುಮಾರ್ ಚಿತ್ರಕ್ಕೆ ಸೆಕೆಂಡ್ ಷೋ ಹೋದರು. ಎರಡನೆಯ ದಿನ ಗುದ್ದಲಿ ಮುಟ್ಟಲೇ ಇಲ್ಲ. ಹಿಂದಿನ ದಿನ ಎಳೆದಿದ್ದ ಹಲಗೆಯನ್ನೇ ಮತ್ತೆ ಒಂದು ಸಲ ಎಳೆದರು.

ಉಳಿದದ್ದನ್ನು ಅವರ ಮಾತಿನಲ್ಲೇ ಕೇಳಬೇಕು.

"ಸೊಂಟದ ಮ್ಯಾಲೆ ಎತ್ತಿ ಹಾಕೋ ಪಟ್ಟು. ದಿನಾ ಹತ್ತು ಸಲ ಹಾಕ್ತಿದ್ದೆ ಅವನಿಗೆ. ಅವತ್ತು ಗಾಳೀಲಿ ಅರ್ಧ ತಿರುಗ್ದ. ಮೊಣಕಾಲು ಮೊದ್ಲು ನೆಲಕ್ಕೆ ಬಡೀತು. ಅದರ ಮ್ಯಾಲೆ ಅವನ ಭಾರ, ನನ್ನ ಭಾರ ಎರಡೂ ಬಿತ್ತು, ಕಾಲು ಹಂಗೇ ತಿರುಚ್ಕೊಳ್ತು. ಮಣ್ಣು ಮೆತ್ತಗಿದ್ದಿದ್ರೆ ಒಳಕ್ಕೆ ಇಳೀತಿತ್ತು, ಏನೂ ಆಗ್ತಿರಲಿಲ್ಲ. ಗಾರೆ ಮೇಲೆ ಬಡಿದಂಗೆ ಶಬ್ದ ಬಂತು. ಆ ಶಬ್ದ ನಂಗೆ ಇವತ್ತೂ ಕೇಳುತ್ತೆ."

ಉಸ್ತಾದರು ಓಡಿ ಬಂದರು. ಕಾಲು ಮುಟ್ಟುವ ಮೊದಲು ಮಣ್ಣು ಮುಟ್ಟಿ ನೋಡಿದರು. ಬೆರಳು ಇಳಿಯಲಿಲ್ಲ. ಕಣ್ಣು ಕೆಂಪಾಯಿತು. "ಇವತ್ತು ಅಗೆಯೋ ಸರದಿ ಯಾರದು?" ಎಂದು ಗುಡುಗಿದರು.

ನೋವಿಗೆ ಹಲ್ಲು ಕಚ್ಚಿಕೊಂಡು ಬಿದ್ದಿದ್ದವರೇ ಉತ್ತರ ಕೊಟ್ಟರು: "ನಂದೇ ಉಸ್ತಾದ್ರೇ. ನಾನೇ ಅಗೆದಿರಲಿಲ್ಲ."

ಜೋಡಿ ಬಾಯಿ ತೆರೆದರು. ಬಿದ್ದವರು ಅವರ ಕೈಯನ್ನು ಅದುಮಿ ಹಿಡಿದರು. ಅದುಮಿದ ಕೈ ಹೇಳಿದ್ದನ್ನು ರಾತ್ರಿ ಮನೆಯಲ್ಲಿ ಬಾಯಿಬಿಟ್ಟು ಹೇಳಿದರು: "ನಾನು ಹೆಂಗೂ ಹೋದೆ. ಈ ಸಲ ನಂಗೆ ದಸರಾ ಇಲ್ಲ. ನೀನ್ಯಾಕ್ಲಾ ಹೋಗ್ಬೇಕು? ಗರಡಿಯಿಂದ ಒಬ್ಬನಾದ್ರೂ ಹಿಡೀಲಿ."

ಕಟ್ಟು ಹಾಕಿದರೂ ಕೂಡದ ಕಾಲು

ಉಸ್ತಾದರಿಗೆ ಮೂಳೆ ಕೂಡಿಸುವ ವಿದ್ಯೆ ಬರುತ್ತಿತ್ತು. ಸೊಪ್ಪು ಅರೆದು, ಮೊಟ್ಟೆಯ ಲೋಳೆ ಸವರಿ, ಬಿದಿರ ದಬ್ಬೆ ಇಟ್ಟು ಕಟ್ಟು ಹಾಕಿದರು. ಊತ ಇಳಿಯಿತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ನೆಟ್ಟಗೆ ನಡೆದರೆ ಸರಿ, ಪಕ್ಕಕ್ಕೆ ತಿರುಗಿದರೆ ಮಂಡಿ ಜಾರುತ್ತಿತ್ತು.

ಇದರ ಕಾರಣ ಇಂದಿನ ಕ್ರೀಡಾ ವೈದ್ಯರಿಗೆ ಹೊಸದೇನಲ್ಲ. ಮಂಡಿಯ ಒಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಹುರಿಯಂಥ ಕಟ್ಟುಗಳಿವೆ. ಮೂಳೆ ಮುರಿದರೆ ಕಟ್ಟು ಹಾಕಿ ಕೂಡಿಸಬಹುದು. ಒಳಗಿನ ಹುರಿ ಪೂರ್ತಿ ಹರಿದರೆ ಹೊರಗಿನ ಪಟ್ಟಿಯಿಂದ ಅದು ಕೂಡುವುದಿಲ್ಲ. ಮೂಳೆ ಸರಿಯಿದ್ದರೆ ಎಕ್ಸ್‌ರೇಯಲ್ಲೂ ಈ ಹುರಿ ಕಾಣುವುದಿಲ್ಲ, ಎಂ.ಆರ್.ಐ. ಮಾಡಿಸಿದರೆ ಗೊತ್ತಾಗುತ್ತದೆ. ಇಂದು ಸಣ್ಣ ರಂಧ್ರ ಕೊರೆದು, ದೇಹದ ಬೇರೆ ಕಡೆಯ ನರದಂಥ ಪಟ್ಟಿ ತೆಗೆದು ಅಲ್ಲಿ ಜೋಡಿಸುತ್ತಾರೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ ಆಟಗಾರರನ್ನು ಮತ್ತೆ ಕಣಕ್ಕೆ ಇಳಿಸುತ್ತಾರೆ. ಅಂದು ಸಂತೆಪೇಟೆಯ ಹಮಾಲಿಗೆ ಅದನ್ನು ಹೇಳುವವರೂ ಇರಲಿಲ್ಲ, ಮಾಡಿಸುವ ದುಡ್ಡೂ ಇರಲಿಲ್ಲ.

ಮೂಟೆ ಹೊರುವ ಕೆಲಸ ಹೋಯಿತು. ಕಾಲು ಜಾರಿ ಒಂದು ದಿನ ಸಕ್ಕರೆ ಮೂಟೆಯ ಸಮೇತ ಮೆಟ್ಟಲಿಂದ ಉರುಳಿದ ಮೇಲೆ ಮಂಡಿ ಮಾಲೀಕರು ಕೈಗೆ ನೂರು ರೂಪಾಯಿ ಕೊಟ್ಟು ಕಳುಹಿಸಿದರು. ಆ ನೂರರಿಂದಲೇ ತಳ್ಳುಗಾಡಿ ಬಾಡಿಗೆಗೆ ಹಿಡಿದು ಬಾಳೆಹಣ್ಣಿನ ವ್ಯಾಪಾರ ಶುರುವಾಯಿತು. ನಂಜನಗೂಡು ರಸಬಾಳೆ ಬೇಕಾದಷ್ಟು ಬರುತ್ತಿದ್ದ ಕಾಲ ಅದು. ರೋಗ ಬಿದ್ದು ಆ ತೋಟಗಳು ಸೊರಗಿದ ಮೇಲೆ ಪಚ್ಚಬಾಳೆ, ಏಲಕ್ಕಿ ಬಾಳೆಗೆ ಇಳಿದರು.

ಒಂದು ತಿಂಗಳ ಶಿಕ್ಷೆ

ಪಾಳಿ ತಪ್ಪಿಸಿದೆನೆಂದು ಒಪ್ಪಿಕೊಂಡವನಿಗೆ ಉಸ್ತಾದರು ಶಿಕ್ಷೆ ಕೊಡದೆ ಬಿಡಲಿಲ್ಲ. ಕಾನೂನು ಎಂದರೆ ಕಾನೂನು. ಕಾಲು ಮುರಿದವನಿಗೆ ಬಾಗಿಲು ಬಂದ್ ಮಾಡಿ ಪ್ರಯೋಜನವೇನು? "ಎದ್ದು ನಿಲ್ಲೋ ಹಂಗಾದ ಮೇಲೆ ಒಂದು ತಿಂಗಳು ನೀನೊಬ್ಬನೇ ಮಟ್ಟಿ ಅಗಿ" ಎಂದರು.

ದಸರಾ ಕಳೆದು, ದೀಪಾವಳಿ ಕಳೆದು, ಕಾರ್ತಿಕದ ಚಳಿಯಲ್ಲಿ ಅವರು ಗುದ್ದಲಿ ಹಿಡಿದರು. ಬಲಗಾಲಿನ ಮೇಲೆ ಭಾರ ಬಿಟ್ಟು, ಎಡಗಾಲನ್ನು ಹಿಂದಕ್ಕೆ ಚಾಚಿ ಅಗೆಯುವುದನ್ನು ಕಲಿತರು. ಒಂದು ತಿಂಗಳು ಮುಗಿಯಿತು. ಮಾರನೆಯ ದಿನ ಪಾಳಿಯ ಜೋಡಿ ಬಂದು ನೋಡಿದರೆ ಮಟ್ಟಿ ಆಗಲೇ ಅಗೆದಿತ್ತು.

ಒಂದು ತಿಂಗಳ ಶಿಕ್ಷೆಯನ್ನು ಆ ಮನುಷ್ಯ 46 ವರ್ಷ ಅನುಭವಿಸಿದರು. ಮದುವೆಯ ದಿನವೂ ಬೆಳಿಗ್ಗೆ ಬಂದು ಅಗೆದು ಹೋಗಿ ಎಣ್ಣೆ ಸ್ನಾನ ಮಾಡಿದರೆಂದು ಹೆಂಡತಿ ನಗುತ್ತಾ ಹೇಳುತ್ತಾರೆ. ಊರಲ್ಲಿ ಇಲ್ಲದ ದಿನ ಹಿಂದಿನ ರಾತ್ರಿಯೇ ಯಾರಿಗಾದರೂ ಹೇಳಿ, ಅಗೆದು ಆಳ ತೋರಿಸಿ ಹೋಗುತ್ತಿದ್ದರಂತೆ. ಹೊಸದಾಗಿ ಸೇರಿದ ಹುಡುಗರಿಗೆ ಪಟ್ಟು ಕಲಿಸಲಿಲ್ಲ. ಅದು ಉಸ್ತಾದರ ಕೆಲಸ ಎಂದುಬಿಡುತ್ತಿದ್ದರು. ಬೀಳುವುದನ್ನು ಮಾತ್ರ ಹೇಳಿಕೊಡುತ್ತಿದ್ದರು. "ಕೆಡವೋದು ಎಲ್ರೂ ಕಲೀತಾರೆ ಮಗಾ. ಬೀಳೋದು ಕಲಿ" ಎನ್ನುತ್ತಿದ್ದರು.

ಈ 46 ವರ್ಷದಲ್ಲಿ ಆ ಗರಡಿಯಲ್ಲಿ ಮೂಗು ಒಡೆದಿದೆ, ಕಿವಿ ಮುದುಡಿದೆ, ಭುಜ ಜಾರಿದೆ. ಮಣ್ಣು ಗಟ್ಟಿಯಾಗಿತ್ತು ಎಂಬ ಕಾರಣಕ್ಕೆ ಒಬ್ಬನಿಗೂ ಏಟಾಗಿಲ್ಲ.

ಕೊಸರಿನ ಲೆಕ್ಕ

ಇತ್ತ ಜೋಡಿ ಆ ವರ್ಷ ದಸರಾ ಕುಸ್ತಿ ಹಿಡಿದರು. ಗೆದ್ದರೇ? ಇಲ್ಲ, ಸಮಬಲ. ಆದರೂ ಮುಂದಿನ ವರ್ಷಗಳಲ್ಲಿ ಹಿಡಿಯುತ್ತಾ ಹೋದರು. ರಾಜ್ಯ ಮಟ್ಟದಲ್ಲಿ ಪದಕ ಬಂತು. ಆ ಸರ್ಟಿಫಿಕೇಟು ಲಗತ್ತಿಸಿ ಅರ್ಜಿ ಹಾಕಿದರು, ಡಿಪೋದಲ್ಲಿ ಕೆಲಸ ಸಿಕ್ಕಿತು. ಮನೆ ಕಟ್ಟಿದರು, ಹೆಣ್ಣುಮಕ್ಕಳ ಮದುವೆ ಮಾಡಿದರು.

"ನಾನು ಉಂಡ ಪ್ರತಿ ತುತ್ತೂ ಅವನು ಆಡಿದ ಒಂದು ಸುಳ್ಳಿನಿಂದ ಬಂದಿದ್ದು" ಎಂದು ಅವರು ಈಗ ಹೇಳುತ್ತಾರೆ. ಉಸ್ತಾದರಿಗೆ ನಿಜ ಹೇಳಬೇಕೆಂದು ಎಷ್ಟೋ ಸಲ ಹೊರಟರಂತೆ. ಮೊದಲ ವರ್ಷ ಹೆದರಿಕೆ. ಎರಡನೆಯ ವರ್ಷ ನಾಚಿಕೆ. ಮೂರನೆಯ ವರ್ಷ ಕೆಲಸದ ಅರ್ಜಿ. ಉಸ್ತಾದರು ತೀರಿಕೊಂಡ ದಿನ ಇನ್ನು ಹೇಳುವುದಕ್ಕೆ ಯಾರೂ ಇಲ್ಲ ಎಂದು ಒಳಗೊಳಗೇ ಹಗುರವಾಯಿತು, ಅದಕ್ಕೂ ಆಮೇಲೆ ನಾಚಿಕೆಯಾಯಿತು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಗುದ್ದಲಿ ಕೇಳಲು ಹೋದಾಗ ಗೆಳೆಯ ಕೊಡಲಿಲ್ಲ. "ನೀನು ಮುಟ್ಟಿದ್ರೆ ಯಾಕೆ ಅಂತ ಕೇಳ್ತಾರೆ. ಸುಮ್ಕಿರು" ಎಂದರು. ಸಂಬಳ ಬಂದಾಗ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಬೇರೆ ದಾರಿ ಹುಡುಕಿದರು. ದಿನಾ ಡ್ಯೂಟಿ ಮುಗಿಸಿ ಬರುವಾಗ ಗಾಡಿಯ ಹತ್ತಿರ ನಿಂತು ಒಂದು ಡಜನ್ ಬಾಳೆಹಣ್ಣು ಕೊಳ್ಳುವುದು. ಚೌಕಾಸಿ ಇಲ್ಲ. ಮನೆಯಲ್ಲಿ ತಿನ್ನುವವರಿಲ್ಲದೆ ಹಣ್ಣು ಕಪ್ಪಾಗಿ ಹಸುವಿಗೆ ಹಾಕಿದ್ದೂ ಉಂಟು.

ಆದರೆ ಆ ಮನುಷ್ಯ ಪ್ರತಿ ಡಜನ್ನಿಗೂ ಒಂದು ಹಣ್ಣು ಕೊಸರು ಹಾಕುತ್ತಿದ್ದರು. ಬೇಡವೆಂದರೆ, "ಗಿರಾಕಿಗೆಲ್ಲಾ ಕೊಡ್ತೀನಿ, ನಿಂಗೊಬ್ಬನಿಗೆ ಇಲ್ಲ ಅಂದ್ರೆ ಹೆಂಗ್ಲಾ?" ಎನ್ನುತ್ತಿದ್ದರು. ಸಾಲ ತೀರಿಸಲು ಹೋದವರ ತಲೆಯ ಮೇಲೆ ದಿನಕ್ಕೊಂದು ಹಣ್ಣಿನಂತೆ ಸಾಲ ಏರುತ್ತಾ ಹೋಯಿತು.

ಅರ್ಜಿಗೆ ಲಗತ್ತಿಸಲು ಏನಿತ್ತು?

ಈಗ ಕಚೇರಿಯ ಮಾತಿಗೆ ಬರೋಣ. ಮಾಜಿ ಪೈಲ್ವಾನರಿಗೆ ರಾಜ್ಯ ಸರಕಾರ ಮಾಸಾಶನ ಕೊಡುತ್ತದೆ. ರಾಜ್ಯ ಮಟ್ಟ, ರಾಷ್ಟ್ರ ಮಟ್ಟ, ಅಂತರರಾಷ್ಟ್ರೀಯ ಮಟ್ಟ ಎಂದು ದರ್ಜೆ ಇದೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಹಿಡಿದ ಕುಸ್ತಿಗೆ ಸರ್ಟಿಫಿಕೇಟು ಬೇಕು. ಈ ಮನುಷ್ಯ ಹಿಡಿದ ಕುಸ್ತಿಗಳೆಲ್ಲಾ ನಾಲ್ಕು ಗೋಡೆಯ ಒಳಗೆ, ತನ್ನ ಜೋಡಿಯ ಜೊತೆ. ಅದಕ್ಕೆ ಸರ್ಟಿಫಿಕೇಟು ಯಾರು ಕೊಟ್ಟಾರು? ಜೋಡಿಗೆ ಮಾಸಾಶನ ಬರುತ್ತದೆ. ಇವರು ಅರ್ಜಿ ಹಾಕಲೂ ಹೋಗಲಿಲ್ಲ.

ಕಾನೂನು ತಪ್ಪೆಂದು ಹೇಳಲಾಗದು. ಯಾರು ಬೇಕಾದರೂ ನಾನೂ ಗರಡಿಯಲ್ಲಿದ್ದೆ ಎಂದು ಬಂದರೆ ಕಚೇರಿಯವರು ಏನು ಮಾಡಿಯಾರು? ಆದರೆ ಪದಕ ತಂದವರ ಹಿಂದೆ ಮಣ್ಣು ಹದ ಮಾಡಿದವರು, ಎಣ್ಣೆ ತಿಕ್ಕಿದವರು, ಜೋಡಿಯಾಗಿ ಸಾವಿರ ಸಲ ಬಿದ್ದವರು ಇರುತ್ತಾರೆಂಬುದೂ ಸುಳ್ಳಲ್ಲ.

ಪದಕ ತಂದವರ ಗತಿಯೇ ಒಮ್ಮೊಮ್ಮೆ ಏನಾಗುತ್ತದೆ ನೋಡಿ. ಕರಾಡದ ಬಳಿಯ ಗೋಳೇಶ್ವರ ಗ್ರಾಮದ ಖಾಶಾಬಾ ಜಾಧವ್ ಕೊಲ್ಲಾಪುರದ ಮಟ್ಟಿಯಲ್ಲಿ ಬೆಳೆದವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲ ಪದಕ ಅದು. ಅವರನ್ನು ಅಲ್ಲಿಗೆ ಕಳುಹಿಸಲು ಊರವರು ಚಂದಾ ಎತ್ತಿದ್ದರು, ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆ ಒತ್ತೆ ಇಟ್ಟಿದ್ದರು. ಜಾಧವ್ ಪೋಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ. ಒಲಿಂಪಿಕ್ಸ್ ಪದಕದ ಕಥೆಯೇ ಹೀಗಾದರೆ ಬಾಳೆಹಣ್ಣಿನ ಗಾಡಿಯವರದೇನು?

ಹನ್ನೊಂದನೆಯ ದಿನ

ಶವವನ್ನು ಮಸಣಕ್ಕೆ ಒಯ್ಯುವಾಗ ಗರಡಿಯ ಬಾಗಿಲಲ್ಲಿ ಒಂದು ನಿಮಿಷ ಇಳಿಸಿದರು. ಹುಡುಗರು ಮಟ್ಟಿಯಿಂದ ಒಂದೊಂದು ಹಿಡಿ ಮಣ್ಣು ತಂದು ಎದೆಯ ಮೇಲೆ ಹಾಕಿದರು. ಜೋಡಿ ದೂರ ನಿಂತಿದ್ದರು. ಮಣ್ಣು ಹಾಕಲಿಲ್ಲ. ಕೆಲವರು ಅದನ್ನು ಕಂಡು ಆಡಿಕೊಂಡದ್ದೂ ಆಯಿತು.

ಹನ್ನೊಂದನೆಯ ದಿನ ತಿಥಿ ಊಟ ಮುಗಿದ ಮೇಲೆ ಗರಡಿಯಲ್ಲಿ ಎಲ್ಲರೂ ಸೇರಿದರು. ಈಗಿನ ಉಸ್ತಾದರು ಹಳೆಯ ಉಸ್ತಾದರ ಮಗ, ಐವತ್ತೈದರ ಪ್ರಾಯ. ಹುಡುಗರು ಮಾವನ ಬಗ್ಗೆ ಒಬ್ಬೊಬ್ಬರು ಒಂದೊಂದು ಮಾತು ಹೇಳಿದರು. ಫೀಸು ಕಟ್ಟಲಾಗದಾಗ ದುಡ್ಡು ಕೊಟ್ಟದ್ದು, ಬೀಡಿ ಸೇದಿದ್ದಕ್ಕೆ ಬೆನ್ನಿಗೆ ಗುದ್ದಿದ್ದು, ಕೊಳೆಯುವ ಮೊದಲೇ ಉಳಿದ ಹಣ್ಣು ತಂದು ಹಂಚುತ್ತಿದ್ದದ್ದು. ಆಗ ಜೋಡಿ ಎದ್ದು ನಿಂತರು. ಆ ಎರಡು ದಿನದ ಸರದಿ ಯಾರದೆಂದು ಹೇಳಿದರು. ಸೆಕೆಂಡ್ ಷೋ ಸಿನಿಮಾವನ್ನೂ ಬಿಡದೆ ಹೇಳಿದರು. 46 ವರ್ಷದ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು.

ಯಾರೂ ಮಾತಾಡಲಿಲ್ಲ. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಹೆಂಡತಿಯೇ ಮೊದಲು ಬಾಯಿ ಬಿಟ್ಟರು: "ನಂಗೆ ಮದ್ವೆಯಾದ ವರ್ಷಾನೇ ಗೊತ್ತಿತ್ತು ಕಣಣ್ಣ. ನಿದ್ದೇಲಿ ಕನವರಿಸ್ತಿದ್ರು. ನೀವಾಗಿ ಹೇಳೋಗಂಟ ಕೇಳ್ಬೇಡ ಅಂದಿದ್ರು. ನೀವು ಅವರು ಇರೋವಾಗ್ಲೇ ಹೇಳಿದ್ದಿದ್ರೆ ಚೆನ್ನಾಗಿತ್ತು."

ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಬೈಯಲೂ ಇಲ್ಲ.

ಉಸ್ತಾದರು ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದು ಹೇಳಿದರು: "ಅಣ್ಣ, ನೀವು ನನಗಿಂತ ದೊಡ್ಡೋರು. ಆದ್ರೆ ಅಪ್ಪ ಇದ್ದಿದ್ರೆ ಪಾಳಿ ತಪ್ಪಿಸಿದವರಿಗೆ ಒಂದು ತಿಂಗಳು ಅಂತಿದ್ರು."

"ಹೂಂ. ಅದಕ್ಕೇ ಬಂದಿದ್ದೀನಿ" ಎಂದರು ಜೋಡಿ.

ಗುದ್ದಲಿ ಈಗ ಯಾರ ಕೈಲಿ?

ಮಾರನೆಯ ದಿನ ಬೆಳಿಗ್ಗೆ ಐದು ಗಂಟೆಗೆ ಅವರು ಗರಡಿಗೆ ಬಂದರು. ಅರವತ್ತೇಳು ವಯಸ್ಸು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ. ಹತ್ತು ನಿಮಿಷ ಅಗೆಯುವಷ್ಟರಲ್ಲಿ ಉಸಿರು ಮೇಲಕ್ಕೆ ಬಂತು. ಹುಡುಗರು ಗುದ್ದಲಿ ಕಸಿದುಕೊಳ್ಳಲು ಹೋದರೆ ಉಸ್ತಾದರು ತಡೆದರು. ಡಾಕ್ಟರನ್ನು ಕೇಳಿ ಬನ್ನಿ, ಎಷ್ಟಾಗುತ್ತೋ ಅಷ್ಟೇ ಅಗೆಯಿರಿ, ಮಿಕ್ಕಿದ್ದು ಹುಡುಗರು ಅಗೆಯುತ್ತಾರೆ ಎಂದು ತೀರ್ಮಾನವಾಯಿತು. ಆ ಕಾಲು ಮುರಿದ ಮೂಲೆಯನ್ನು ಮಾತ್ರ ಅವರೇ ಅಗೆಯುತ್ತಾರೆ. ಮೊಣಕೈ ಆಳಕ್ಕೆ.

ಪಾಳಿಯ ಪದ್ಧತಿ ಮತ್ತೆ ಶುರುವಾಗಿದೆ. ಗೋಡೆಗೆ ರಟ್ಟಿನ ಮೇಲೆ ಬರೆದ ಪಟ್ಟಿ ತೂಗುಹಾಕಿದ್ದಾರೆ. ಯಾವ ದಿನ ಯಾರು ಎಂದು ಹೆಸರು ಸ್ಪಷ್ಟವಾಗಿದೆ, ಇಬ್ಬರ ಒಳಗಿನ ಲೆಕ್ಕ ಇನ್ನಿಲ್ಲ. ಹುಡುಗರ ಪೈಕಿ ಕೆಲವರು ಪಾಯಿಂಟ್ ಕುಸ್ತಿಗೆಂದು ಮ್ಯಾಟಿನ ಮೇಲೂ ಅಭ್ಯಾಸ ಮಾಡುತ್ತಾರೆ. ಮ್ಯಾಟನ್ನು ಅಗೆಯಬೇಕಾಗಿಲ್ಲ. ಅದನ್ನೂ ದಿನಾ ಒರೆಸದಿದ್ದರೆ ಚರ್ಮದ ರೋಗ ಹತ್ತುತ್ತದೆ ಎಂಬುದನ್ನು ಉಸ್ತಾದರು ಮರೆಯದೆ ಹೇಳುತ್ತಾರೆ. ಮಂಡಿಗೆ ಏಟಾದರೆ ಮೊದಲು ದೊಡ್ಡಾಸ್ಪತ್ರೆ, ಆಮೇಲೆ ಎಣ್ಣೆ ಎಂಬುದೂ ಆ ರಟ್ಟಿನ ಕೆಳಗೆ ಬರೆದಿದೆ.

ಬಾಳೆಹಣ್ಣಿನ ಗಾಡಿ ನಿಂತಿಲ್ಲ. ಹೆಂಡತಿ ವ್ಯಾಪಾರ ನೋಡಿಕೊಳ್ಳುತ್ತಿದ್ದಾರೆ. ಜೋಡಿ ಈಗಲೂ ಸಾಯಂಕಾಲ ಹೋಗಿ ಒಂದು ಡಜನ್ ಕೊಳ್ಳುತ್ತಾರೆ. ಆಕೆ ಎಣಿಸಿ ಹನ್ನೆರಡೇ ಕೊಡುತ್ತಾರೆ. ಕೇಳಿದರೆ, "ಕೊಸರು ಕೊಡೋದು ಅವರ ಅಭ್ಯಾಸ. ನಂಗೆ ಮೂರು ಜನ ಮೊಮ್ಮಕ್ಕಳ ಫೀಸು ಕಟ್ಬೇಕು" ಎನ್ನುತ್ತಾರೆ.

"ಅದೇ ಸರಿ" ಎನ್ನುತ್ತಾರೆ ಜೋಡಿ.

ಶಿಕ್ಷೆಯ ತಿಂಗಳಲ್ಲಿ ಈ ಬರಹ ಅಚ್ಚಿಗೆ ಹೋಗುವ ದಿನಕ್ಕೆ ಹತ್ತೊಂಬತ್ತು ದಿನ ಮುಗಿದಿದೆ. ಹನ್ನೊಂದು ಬಾಕಿ.